ಎರಡನೇ ಪೆಟ್ಟಿಗೆ

ಸಿಂದಗಿ ತಾಲೂಕಿನ ಒಂದು ಊರು. ಜಾತ್ರೆಯ ರಾತ್ರಿ, ಹತ್ತೂವರೆಯ ಹೊತ್ತು. ತೇರು ಎಳೆದು ದಣಿದ ಜನ ಪ್ರಸಾದ ಮುಗಿಸಿ, ತಾಡಪತ್ರಿ ಹಾಸಿಕೊಂಡು ನಮ್ಮ ಮುಂದೆ ಕೂತಿದ್ದರು. ರಸಮಂಜರಿಯ ಮೊದಲನೆಯದು ಗಣಪತಿಯ ಹಾಡು, ಅದು ಸುಸೂತ್ರವಾಗಿ ಮುಗಿಯಿತು. ಎರಡನೆಯದು ರಾಜಕುಮಾರ್ ಅವರ ಹಳೆಯದೊಂದು ಹಾಡು. ಅದರ ಮೊದಲ ಎಳೆಯೇ ಗಿಟಾರಿನದು. ಢೋಲಕಿಯವನು ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ತಂತಿ ಮೀಟಿದೆ. ಸದ್ದಿಲ್ಲ.

ಇನ್ನೊಮ್ಮೆ ಮೀಟಿದೆ. ತಂತಿಯ ಸಣ್ಣ ಕಿಣಿಕಿಣಿ ನನ್ನ ಕಿವಿಗಷ್ಟೇ ಕೇಳಿತು. ಹಿಂದೆ ತಿರುಗಿ ನೋಡಿದರೆ ಆಂಪ್ಲಿಫೈಯರಿನ ಕೆಂಪು ದೀಪ ಆರಿತ್ತು. ಮುಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಕೀಬೋರ್ಡಿನವನು ಜಾಣ, ನನ್ನ ಪಾಲಿನ ಸ್ವರಗಳನ್ನು ತಾನೇ ನುಡಿಸಿ ಹಾಡನ್ನು ಎತ್ತಿಕೊಂಡ. ಮುಂದಿನ ಎರಡೂವರೆ ತಾಸು ನಾನು ಕೊರಳಿಗೆ ಗಿಟಾರು ಹಾಕಿಕೊಂಡು, ನುಡಿಸುತ್ತಿರುವವನಂತೆ ಕೈಯಾಡಿಸುತ್ತ ನಿಂತೆ. ಆ ರಾತ್ರಿಯ ಪಗಾರ ಸಾವಿರದ ಇನ್ನೂರು ರೂಪಾಯಿ. ಪೂರ್ತಿ ಕೊಟ್ಟರು, ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ವಿದ್ಯುತ್ ಗಿಟಾರು ನುಡಿಸದವರಿಗೆ ಈ ಅವಮಾನ ಪೂರ್ತಿ ತಿಳಿಯಲಿಕ್ಕಿಲ್ಲ. ಪೇಟಿಗೆ ಗಾಳಿ ಸಾಕು, ತಬಲಾಕ್ಕೆ ಅಂಗೈ ಸಾಕು, ಹಲಗೆಗೆ ಒಂದಿಷ್ಟು ಬೆಂಕಿಯ ಕಾವು ಸಾಕು. ಈ ಗಿಟಾರಿನ ಒಡಲು ಮಾತ್ರ ಗಟ್ಟಿ ಕಟ್ಟಿಗೆ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ತಂತಿ ಅಲುಗಾಡಿದಾಗ ಅಲ್ಲಿ ಹುಟ್ಟುವುದು ಒಂದು ವೋಲ್ಟಿನ ಸಣ್ಣ ಪಾಲು. ಆ ಪಿಸುಮಾತನ್ನು ಕೂಗಾಗಿ ಮಾಡುವುದು ಹಿಂದಿನ ಪೆಟ್ಟಿಗೆ. ಅಂದರೆ ವಾದ್ಯದ ಅರ್ಧ ಭಾಗ ನನ್ನ ಕೊರಳಲ್ಲಿ, ಇನ್ನರ್ಧ ಬೆನ್ನ ಹಿಂದೆ. ಬೆನ್ನ ಹಿಂದಿನದು ಸತ್ತರೆ ಕೊರಳಿನದು ಬರೀ ಕಟ್ಟಿಗೆ.

ಕಾರ್ಯಕ್ರಮ ಮುಗಿದ ಮೇಲೆ ಊರಿನ ಹುಡುಗನೊಬ್ಬ ಪೆಟ್ಟಿಗೆಯ ಹಿಂಬದಿಯಿಂದ ಫ್ಯೂಸು ತೆಗೆದ. ಬೆರಳಿನ ಉಗುರಷ್ಟು ಗಾಜಿನ ಕೊಳವೆ, ಒಳಗಿನ ಎಳೆ ಕರಗಿ ಹೋಗಿತ್ತು. "ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳಿ ಸುತ್ತೂಣ್ರಿ, ಹೊಂಟಬಿಡ್ತೈತಿ" ಎಂದ. ಪಕ್ಕದಲ್ಲಿ ವೈರು ಸುತ್ತುತ್ತಿದ್ದ ಮೈಕ್ ಸೆಟ್ಟಿನ ಕಾಕಾ ತಲೆ ಎತ್ತಿದ. ನಮ್ಮ ಭಾಗದ ಮದುವೆ, ಜಾತ್ರೆ, ಚುನಾವಣೆಗಳಲ್ಲೆಲ್ಲ ಹಾರ್ನು ಕಟ್ಟಿ ಮೂವತ್ತು ವರ್ಷ ಕಳೆದವನು. "ಬ್ಯಾಡೋ ತಮ್ಮಾ. ಪೆಟಗಿ ಉಳೀಲಿ ಅಂತ ಫ್ಯೂಜ್ ಸಾಯ್ತೈತಿ. ಅದಕ್ಕ ಸಾಯಾಕ ಬಿಡು" ಎಂದ. ಮರುದಿನ ಸಿಂದಗಿಯ ಪ್ಯಾಟಿಯಲ್ಲಿ ಐದು ರೂಪಾಯಿಗೆ ಅಂಥದೇ ಫ್ಯೂಸು ಸಿಕ್ಕಿತು. ಪೆಟ್ಟಿಗೆ ಮೊದಲಿನಂತೆ ಮಾತಾಡಿತು.

ಅಲ್ಲಿಗೆ ಪಾಠ ಮುಗಿಯಬೇಕಿತ್ತು. ಆದರೆ ಅವಮಾನ ಲೆಕ್ಕ ಕೇಳುವುದಿಲ್ಲ. ಐದು ರೂಪಾಯಿಯ ವಸ್ತುವಿನಿಂದ ಆದ ಗಾಯಕ್ಕೆ ನಾನು ಹದಿನಾಲ್ಕು ಸಾವಿರದ ಔಷಧ ಹುಡುಕಿದೆ. ಇನ್ನೊಂದು ಆಂಪ್ಲಿಫೈಯರ್, ಅದೇ ಕಂಪನಿಯದು, ಅದೇ ಅರವತ್ತು ವ್ಯಾಟಿನದು. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ, ಲೆಕ್ಕ ಸರಳ ಎನಿಸಿತು.

ನಮ್ಮದು ಇಂಡಿ ಕಡೆಯ ಊರು, ಮೂರು ಎಕರೆ ನಿಂಬೆಯ ತೋಟ. ಆ ವರ್ಷ ಬೇಸಿಗೆಯಲ್ಲಿ ನಿಂಬೆಗೆ ಒಳ್ಳೆಯ ದರ ಬಂದಿತ್ತು. ಅಪ್ಪನ ಮುಂದೆ ಮಾತು ತೆಗೆದೆ. ಅಪ್ಪ ಬಾವಿಕಟ್ಟೆಯ ಮೇಲೆ ಕೂತು ಸ್ಟಾರ್ಟರಿನ ಡಬ್ಬಿ ಬಿಚ್ಚಿ ನೋಡುತ್ತಿದ್ದ. ಎಲ್ಲ ಕೇಳಿಸಿಕೊಂಡು, "ಬೋರಾಗ ನೀರ ಇಲ್ಲಂದ್ರ ಎರಡ ಮೋಟರ್ ಇಳಿಸಿದ್ರ ಏನ್ ಬರ್ತೈತಿ?" ಎಂದ. ಹಾಡಿಗೂ ಬೋರಿಗೂ ಏನು ಸಂಬಂಧ ಎಂದು ನಾನು ಒಳಗೊಳಗೇ ನಕ್ಕೆ. ಹದಿನೈದು ದಿನದ ಮೇಲೆ ಅಪ್ಪ ರೊಕ್ಕ ಕೊಟ್ಟ. ಯಾಕೆ ಕೊಟ್ಟನೋ ನಾನು ಕೇಳಲಿಲ್ಲ.

ಎರಡನೇ ಪೆಟ್ಟಿಗೆ ಬಂದ ಮೇಲೆ ಕೆಲವು ಸಂಗತಿಗಳು ಬದಲಾದವು. ಬಸ್ಸಿನಲ್ಲಿ ಹೋಗುತ್ತಿದ್ದವನು ಟಂಟಂ ಹಿಡಿಯಬೇಕಾಯಿತು. ಪಗಾರದಲ್ಲಿ ಮುನ್ನೂರು ರೂಪಾಯಿ ಬಾಡಿಗೆಗೆ ಹೋಯಿತು. ವೇದಿಕೆಯ ಮೇಲೆ ಜಾಗ ಸಾಲದೆ ಪ್ಯಾಡಿನವನ ಜೊತೆ ತಕರಾರು. ಎಲ್ಲಕ್ಕಿಂತ ಮುಖ್ಯ, ಪ್ಲಗ್ಗು ಸಾಲದಾಯಿತು. ಜಾತ್ರೆಯ ಪೆಂಡಾಲಿನಲ್ಲಿ ನಮ್ಮ ಪಾಲಿಗೆ ಬರುವುದು ಒಂದು ಸಾಕೆಟ್ಟು. ಎರಡು ಪೆಟ್ಟಿಗೆಗೂ ಹಚ್ಚಲು ನಾನೊಂದು ಎಕ್ಸ್‌ಟೆನ್ಷನ್ ಬೋರ್ಡು ಮಾಡಿಸಿಕೊಂಡೆ. ಅದರ ತಲೆ ಮೂರು ಪಿನ್ನಿನದು. ಹಳ್ಳಿಯ ಎಷ್ಟೋ ಸಾಕೆಟ್ಟುಗಳಿಗೆ ಎರಡೇ ತೂತು. ಒಂದು ದಿನ ಗಡಿಬಿಡಿಯಲ್ಲಿ ಆ ಮೂರನೆಯ ಕಡ್ಡಿಯನ್ನು ಇಕ್ಕಳದಿಂದ ಮುರಿದು ಹಾಕಿದೆ. ಆ ಕಡ್ಡಿ ಅರ್ಥಿಂಗಿನದು. ಅದಿಲ್ಲದೆಯೂ ಪೆಟ್ಟಿಗೆ ನುಡಿಯುತ್ತಿತ್ತು, ಆದ್ದರಿಂದ ಅದು ಬೇಕಾಗಿಲ್ಲ ಎಂದುಕೊಂಡೆ.

ಶ್ರಾವಣದಲ್ಲಿ ಬಸವನ ಬಾಗೇವಾಡಿ ಹತ್ತಿರ ಒಂದು ಕಾರ್ಯಕ್ರಮ. ಬಸವಣ್ಣ ಹುಟ್ಟಿದ ನೆಲದಲ್ಲಿ ನಿಂತು ಸ್ಥಾವರ, ಜಂಗಮದ ಮಾತು ತೆಗೆಯದೆ ಇರುವುದು ಕಷ್ಟ. ಎರಡೆರಡು ಪೆಟ್ಟಿಗೆ ಹೊತ್ತು ತಿರುಗುತ್ತಿದ್ದ ನನಗಂತೂ ಆ ಮಾತು ಆಡುವ ಅರ್ಹತೆ ಇರಲಿಲ್ಲ. ಸಂಜೆ ಮಳೆ ಹನಿದು ನೆಲ ಒದ್ದೆಯಾಗಿತ್ತು. ಚಪ್ಪಲಿ ಬಿಟ್ಟು ವೇದಿಕೆ ಹತ್ತಿದ್ದೆ. ಎಡಗೈ ತಂತಿಯ ಮೇಲಿತ್ತು, "ಹಲೋ, ಮೈಕ್ ಟೆಸ್ಟಿಂಗ್" ಎನ್ನಲು ಬಾಗಿದೆ. ತುಟಿ ಮೈಕಿನ ಜಾಳಿಗೆಗೆ ತಾಕಿದ ಕ್ಷಣ ದವಡೆಗೆ ಯಾರೋ ಸುತ್ತಿಗೆಯಿಂದ ಹೊಡೆದಂತಾಯಿತು. ಹಿಂದಕ್ಕೆ ಬಿದ್ದೆ. ಬಿದ್ದದ್ದೇ ಒಳ್ಳೆಯದಾಯಿತು, ತುಟಿಗೂ ಮೈಕಿಗೂ ಸಂಬಂಧ ಕಡಿಯಿತು.

ಕಾಕಾ ಓಡಿ ಬಂದು ಟೆಸ್ಟರು ಹಿಡಿದ. ಮೈಕಿಗೆ ಹಿಡಿದರೆ ದೀಪ ಹತ್ತಲಿಲ್ಲ. ನನ್ನ ಗಿಟಾರಿನ ತಂತಿಗೆ ಹಿಡಿದರೆ ಹತ್ತಿತು. ಗಿಟಾರಿನ ತಂತಿಗಳು ವೈರಿನ ಹೊರಕವಚದ ಮೂಲಕ ಪೆಟ್ಟಿಗೆಯ ಲೋಹದ ಮೈಗೆ ಕೂಡಿರುತ್ತವೆ. ಆ ಮೈಯಿಂದ ಸೋರುವ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದದ್ದು ನಾನು ಮುರಿದು ಹಾಕಿದ ಆ ಮೂರನೆಯ ಕಡ್ಡಿ. ದಾರಿ ಇಲ್ಲದೆ ಅದು ನನ್ನ ಮೈಯನ್ನೇ ದಾರಿ ಮಾಡಿಕೊಂಡಿತ್ತು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ಪಟ್ಟಣದಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ತೀರಿಕೊಂಡದ್ದು ಸರಿಯಾದ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಎಂದು ನಾನು ಓದಿದ್ದು ಆಮೇಲೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಕಾಕಾ ನನಗೆ ಬೈಯಲಿಲ್ಲ. ವೇದಿಕೆಯ ಹಿಂದೆ ಕಬ್ಬಿಣದ ಸರಳೊಂದನ್ನು ನೆಲಕ್ಕೆ ಬಡಿದ. ಉಪ್ಪು ಕಲಸಿದ ನೀರು ಸುರಿದ. ವೈರು ಎಳೆದು ಬೋರ್ಡಿಗೆ ಕೂಡಿಸಿದ. ನನ್ನ ಬೋರ್ಡಿನ ತಲೆ ಕತ್ತರಿಸಿ ಮೂರು ಕಡ್ಡಿಯ ಹೊಸದನ್ನು ಕೂಡಿಸಿದ. ಎರಡನೇ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, "ಇದೊಂದು ಬಂದಿದ್ದಕ್ಕ ಇಷ್ಟೆಲ್ಲಾ" ಎಂದಷ್ಟೇ ಹೇಳಿದ.

ಇನ್ನು ಮುದ್ದೇಬಿಹಾಳದ ಕಥೆ. ಅದಕ್ಕೂ ಮೊದಲು ಒಂದು ಮಾತು. ಅವಿಭಜಿತ ಬಾಗೇವಾಡಿ ತಾಲೂಕಿನಲ್ಲಿ ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿದೆ, ಅಲ್ಲಿನ ಜಲವಿದ್ಯುತ್ ಸ್ಥಾವರದ ಸಾಮರ್ಥ್ಯ 290 ಮೆಗಾವ್ಯಾಟ್. ಅದೇ ಸೀಮೆಯ ಕೂಡಗಿಯ ಶಾಖೋತ್ಪನ್ನ ಸ್ಥಾವರದ್ದು 2400 ಮೆಗಾವ್ಯಾಟ್. ನನಗೆ ಬೇಕಿದ್ದದ್ದು 60 ವ್ಯಾಟ್. ಆದರೆ ಊರ ಹೊರಗಿನ ಬಯಲಿನಲ್ಲಿ ಪೆಂಡಾಲು ಹಾಕಿದರೆ ಕರೆಂಟು ಬರುವುದು ಟ್ರ್ಯಾಕ್ಟರಿನ ಹಿಂದೆ ಎಳೆದು ತಂದ ಜನರೇಟರಿನಿಂದ. ದೊಡ್ಡ ಸ್ಥಾವರಕ್ಕೂ ನನ್ನ ಪೆಟ್ಟಿಗೆಗೂ ನಡುವೆ ಇರುವುದು ಒಬ್ಬ ಹುಡುಗ ಹಲ್ಲಿನಿಂದ ಕವಚ ಸುಲಿದು ತಿರುಚಿದ ವೈರು.

ಮುದ್ದೇಬಿಹಾಳ ಕಡೆಯ ಆ ಜಾತ್ರೆಯಲ್ಲಿ ಎರಡೂ ಪೆಟ್ಟಿಗೆ ಹಚ್ಚಿಟ್ಟಿದ್ದೆ. ಒಂದರಲ್ಲಿ ನುಡಿಸುವುದು, ಇನ್ನೊಂದು ಕರೆದ ಕೂಡಲೇ ಓಡಿ ಬರಲು ತಯಾರು. ನಾಲ್ಕನೇ ಹಾಡಿನ ನಡುವೆ ಲೈಟುಗಳು ಒಮ್ಮೆಲೇ ಬೆಳ್ಳಗೆ ಉರಿದವು. ಕಣ್ಣು ಕುಕ್ಕುವಷ್ಟು ಬೆಳಕು. ಮೂರು ಫೇಸಿನ ಜನರೇಟರಿನಲ್ಲಿ ನ್ಯೂಟ್ರಲ್ ವೈರು ಕಳಚಿದರೆ ಹೀಗಾಗುತ್ತದೆ. ಒಂದು ಫೇಸಿನವರಿಗೆ ಮಿಣುಕು ದೀಪ, ಇನ್ನೊಂದು ಫೇಸಿನವರಿಗೆ 230ರ ಬದಲು ಮುನ್ನೂರು ದಾಟಿದ ವೋಲ್ಟು. ನಮ್ಮದು ಎರಡನೆಯ ಫೇಸು. ಸುಟ್ಟ ವಾಸನೆ ಬಂತು. ಒಂದನೇ ಪೆಟ್ಟಿಗೆ ಹೋಯಿತು. ಅದರ ಸಂಗಡವೇ ಎರಡನೆಯದೂ ಹೋಯಿತು. ಕೀಬೋರ್ಡಿನ ಅಡಾಪ್ಟರು, ಪ್ಯಾಡು, ದೊಡ್ಡ ಸೌಂಡಿನ ಎರಡು ಯಂತ್ರ, ಎಲ್ಲವೂ ಅದೇ ಕ್ಷಣದಲ್ಲಿ. ಈ ಸಲ ಫ್ಯೂಸಿಗೂ ಮುಂಚೆ ಒಳಗಿನದೇ ಸುಟ್ಟಿತ್ತು.

ಕತ್ತಲಲ್ಲಿ ನಿಂತಾಗ ಬಾವಿಕಟ್ಟೆಯ ಮಾತು ನೆನಪಾಯಿತು. ಬೋರಾಗ ನೀರ ಇಲ್ಲಂದ್ರ. ಅಪ್ಪ ಮೋಟರಿನ ಬಗ್ಗೆ ಮಾತಾಡಿರಲಿಲ್ಲ. ಎರಡೂ ಯಂತ್ರಗಳು ಒಂದೇ ಬಾಯಿಯಿಂದ ಉಂಡರೆ ಆ ಬಾಯಿಗೆ ವಿಷ ಬಿದ್ದಾಗ ಎರಡೂ ಸಾಯುತ್ತವೆ, ಅಷ್ಟೇ ಹೇಳಿದ್ದ.

ಆದರೆ ಒಂದು ಸದ್ದು ನಿಂತಿರಲಿಲ್ಲ. ಗುಡಿಯ ಕಡೆ ಕಟ್ಟಿದ್ದ ಕಾಕಾನ ಹಾರ್ನಿನಿಂದ, "ಯಾರೂ ಗದ್ದಲ ಮಾಡಬ್ಯಾಡ್ರಿ, ಹೆಣ್ಣಮಕ್ಕಳು ಮಕ್ಕಳನ್ನ ಹಿಡ್ಕೊಂಡು ಕುಂದರ್ರಿ" ಎಂಬ ಮಾತು ಕೇಳುತ್ತಲೇ ಇತ್ತು. ಓಡಿ ಹೋಗಿ ನೋಡಿದರೆ ಅವನ ಹಳೆಯ ಅಹುಜಾ ಪೆಟ್ಟಿಗೆಗೆ ಹಚ್ಚಿದ್ದು ಟ್ರ್ಯಾಕ್ಟರಿನ 12 ವೋಲ್ಟಿನ ಬ್ಯಾಟರಿ. ನಮ್ಮ ದೇಶದ ಮೈಕ್ ಸೆಟ್ಟಿನ ಎಷ್ಟೋ ಯಂತ್ರಗಳಿಗೆ ಹಿಂದೆ ಎರಡು ಬಾಯಿ ಇರುತ್ತವೆ, ಒಂದು ಮನೆಯ ಕರೆಂಟಿಗೆ, ಇನ್ನೊಂದು ಬ್ಯಾಟರಿಗೆ. ಲೈಟು ಹೋಗುವುದು ಸಹಜ ಎಂದು ಒಪ್ಪಿಕೊಂಡೇ ಮಾಡಿದ ಯಂತ್ರ ಅದು. ನನ್ನ ಗಿಟಾರಿನ ಪೆಟ್ಟಿಗೆಯನ್ನು ಕಲ್ಪಿಸಿದವರು ಲೈಟು ಹೋಗದ ಊರಿನವರು. "ಕಾಕಾರ, ಸುರುವಿನಿಂದ ಬ್ಯಾಟರಿ ಮ್ಯಾಲೇ ಇದ್ರೇನ್ರಿ?" ಎಂದೆ. "ಜನರೇಟರ್‌ನ್ಯಾಗ ಹೊಸ ಹುಡುಗ ಅದಾನ. ಅವನ ಕೈ ಗೊತ್ತಾಗೂ ತನಕ ನಾ ನಂಬೂದಿಲ್ಲ" ಎಂದ.

ಆಮೇಲೆ ನಡೆದದ್ದು ಯಾರೂ ಯೋಜಿಸಿದ್ದಲ್ಲ. ಗಾಯಕ ಕಾಕಾನ ಮೈಕು ಹಿಡಿದ. ಢೋಲಕಿಯವನು ಗುಡಿಯ ಕಟ್ಟೆ ಹತ್ತಿದ. ನನ್ನ ಬಳಿ 9 ವೋಲ್ಟಿನ ಸಣ್ಣ ಬ್ಯಾಟರಿಯಿಂದ ನಡೆಯುವ ಒಂದು ಪೆಡಲ್ ಇತ್ತು. ಗಿಟಾರನ್ನು ನೇರ ಮೈಕ್ ಸೆಟ್ಟಿಗೆ ಹಚ್ಚಿದರೆ ಸದ್ದು ಮಂಕಾಗುತ್ತದೆ, ನಡುವೆ ಪೆಡಲ್ ಇದ್ದರೆ ಜೀವ ಬರುತ್ತದೆ. ಕಾಕಾ ಒಂದು ತಿರುವು ಬಿಟ್ಟುಕೊಟ್ಟ. ಹಾರ್ನಿನಿಂದ ಹೊರಬಂದ ನನ್ನ ಗಿಟಾರಿನ ಸದ್ದು ಮೂಗಿನಿಂದ ಹಾಡಿದಂತಿತ್ತು. ಕೆಳಸ್ವರವೇ ಇಲ್ಲ, ಬರೀ ತುದಿ. ನಾಲ್ಕೈದು ಹಾಡು ನುಡಿಸಿದೆವು. ಜನ ವೇದಿಕೆಯ ಕಡೆಯಿಂದ ಎದ್ದು ಗುಡಿಯ ಕಡೆ ತಿರುಗಿ ಕೂತರು. ಮುಗಿದ ಮೇಲೆ ಒಬ್ಬ ಅಜ್ಜ ಹತ್ತಿರ ಬಂದು ಗಿಟಾರಿನ ಮೈ ಸವರಿ, "ಏನ್ ವಾದ್ಯಪಾ ಇದು? ಸನಾದಿ ಕೇಳಿದಂಗಾತು" ಎಂದ. 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕೆ ಶಹನಾಯಿ ನುಡಿಸಿದ್ದು ಸ್ವತಃ ಬಿಸ್ಮಿಲ್ಲಾ ಖಾನರು. ಸದ್ದು ಕೆಟ್ಟದ್ದನ್ನು ಆ ಅಜ್ಜ ಹೊಗಳಿಕೆಯಾಗಿ ಹೇಳಿದನೋ ಏನೋ, ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಆ ರಾತ್ರಿ ವಾಪಸು ಬರುವಾಗ ನನಗೆ ನೆನಪಾದದ್ದು ಗೀಗೀ ಮೇಳದವರು. ನಮ್ಮೂರಿನಲ್ಲಿ ಹರದೇಶಿ, ನಾಗೇಶಿ ಎರಡು ಮೇಳಗಳು ಎದುರುಬದುರಾಗಿ ರಾತ್ರಿಯಿಡೀ ಸವಾಲು ಹಾಕಿ ಹಾಡುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕೈಯಲ್ಲಿ ದಪ್ಪು, ತುಂತುಣಿ, ತಾಳ. ಲೈಟು ಹೋದರೆ ಮುಖ್ಯ ಗಾಯಕ ಎರಡು ಹೆಜ್ಜೆ ಮುಂದೆ ಬರುತ್ತಾನೆ, ಜನ ಎರಡು ಮಾರು ಹತ್ತಿರ ಸರಿಯುತ್ತಾರೆ. ಅವನ ಉಸಿರು ಕಟ್ಟಿದರೆ ಹಿಮ್ಮೇಳ ಪಲ್ಲವಿ ಹಿಡಿದುಕೊಳ್ಳುತ್ತದೆ. ಗಮನಿಸಿ, ಹಿಮ್ಮೇಳದವನು ಎರಡನೇ ಮುಖ್ಯ ಗಾಯಕನಲ್ಲ. ಅವನ ಕೆಲಸ ಬೇರೆ, ದನಿ ಬೇರೆ, ಉಸಿರಿನ ಹೊತ್ತೂ ಬೇರೆ. ಅದಕ್ಕೇ ಇಬ್ಬರ ಉಸಿರೂ ಒಂದೇ ಸಲ ಕಟ್ಟುವುದಿಲ್ಲ.

ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡಿದವರು ಹಲಸಂಗಿ ಗೆಳೆಯರು. ಹಲಸಂಗಿ ಆಗ ಇಂಡಿ ತಾಲೂಕಿನ ಊರು, ಈಗ ಚಡಚಣಕ್ಕೆ ಸೇರಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಅವುಗಳಲ್ಲಿ ಎಷ್ಟೋ ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳು. ಮುಂದೆ ಹಿಟ್ಟಿನ ಗಿರಣಿ ಊರೂರಿಗೆ ಬಂತು, ಕಲ್ಲು ಮೂಲೆ ಸೇರಿತು. ಹಾಡನ್ನು ಉಳಿಸಲು ಅವರು ಪ್ರತಿ ಮನೆಗೆ ಇನ್ನೊಂದು ಬೀಸುವ ಕಲ್ಲು ಕೊಡಿಸಲಿಲ್ಲ. ಕಾಗದಕ್ಕೆ ಇಳಿಸಿದರು. ಕಾಗದಕ್ಕೆ ರಾಗವಿಲ್ಲ, ಬೀಸುವ ಕೈಯ ಬಿಸಿ ಇಲ್ಲ, ಹಾರ್ನಿನಲ್ಲಿ ಬಂದ ನನ್ನ ಗಿಟಾರಿನ ಹಾಗೆ ಅದರಲ್ಲೂ ಏನೋ ಸೋರಿ ಹೋಗಿರುತ್ತದೆ. ಆದರೂ ಕಲ್ಲು ನಿಂತ ಕಾರಣಕ್ಕೆ ಕಾಗದ ನಿಲ್ಲಲಿಲ್ಲ.

ಬೆಂಗಳೂರಿನಲ್ಲಿ ನುಡಿಸುವ ನನ್ನ ಗೆಳೆಯನೊಬ್ಬ ಈ ಚರ್ಚೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಅವನು ಆಂಪ್ಲಿಫೈಯರ್ ಒಯ್ಯುವುದನ್ನೇ ಬಿಟ್ಟಿದ್ದಾನೆ. ಕಾಲ ಕೆಳಗಿನ ಒಂದು ಪೆಡಲ್ಲೇ ಆಂಪ್ಲಿಫೈಯರಿನ ದನಿಯನ್ನು ಅನುಕರಿಸುತ್ತದೆ, ಅಲ್ಲಿಂದ ನೇರ ಮಿಕ್ಸರಿಗೆ. ವೇದಿಕೆಯಲ್ಲಿ ಬೇಕಾದರೆ ಹೋಟೆಲಿನವರದೇ ಪೆಟ್ಟಿಗೆ ಇರುತ್ತದೆ. ಅವನ ಮಾತು ಅವನ ಊರಿಗೆ ಸರಿ. ಕವಾಟದ ಪೆಟ್ಟಿಗೆಯ ದನಿಯನ್ನೇ ನಂಬಿ ದೊಡ್ಡ ಮೊತ್ತಕ್ಕೆ ಒಪ್ಪಿಕೊಂಡು ನುಡಿಸುವವರು ಇನ್ನೊಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳುವುದೂ ಸರಿ. ಆದರೆ ಗಾಡಿಯಲ್ಲಿ ಇಟ್ಟುಕೊಳ್ಳಲಿ, ಅದೇ ಬೋರ್ಡಿಗೆ ಹಚ್ಚಿ ಇಡುವುದು ಬೇಡ. ಬದಲಿ ಎನ್ನುವುದು ಅದೇ ವಸ್ತುವಿನ ಇನ್ನೊಂದು ಪ್ರತಿಯಾದರೆ ಅದಕ್ಕೂ ಅದೇ ಸಾವು. ಬೇರೆ ದಾರಿಯಲ್ಲಿ ಕೆಡುವಂಥದ್ದು ಬದಲಿ.

ಸುಟ್ಟ ಎರಡರಲ್ಲಿ ಒಂದನ್ನು ರಿಪೇರಿ ಮಾಡಿಸಿದೆ. ಇನ್ನೊಂದರ ಭಾಗಗಳು ಆ ರಿಪೇರಿಗೇ ಹೋದವು. ಹಾಗೆ ನೋಡಿದರೆ ಎರಡನೇ ಪೆಟ್ಟಿಗೆ ಕೊನೆಗೂ ಕೆಲಸಕ್ಕೆ ಬಂತು.

ಈಗ ನನ್ನ ಹತ್ತಿರ ಒಂದು ಬಟ್ಟೆಯ ಚೀಲ ಇದೆ. ಅದರಲ್ಲಿ ಎರಡು ಗಿಟಾರ್ ವೈರು, ಯಾಕೆಂದರೆ ಪೆಟ್ಟಿಗೆಗಿಂತ ಹತ್ತು ಪಟ್ಟು ಹೆಚ್ಚು ಸಲ ಸಾಯುವುದು ವೈರು. ಮಾತ್ರೆಯ ಡಬ್ಬಿಯಲ್ಲಿ ಸರಿಯಾದ ಅಳತೆಯ ಐದು ಫ್ಯೂಸು. ಪೆಡಲ್ಲು, ಅದಕ್ಕೆ ಎರಡು 9 ವೋಲ್ಟಿನ ಬ್ಯಾಟರಿ. ಮಿಕ್ಸರಿಗೋ ಮೈಕ್ ಸೆಟ್ಟಿಗೋ ಕೂಡಿಸುವ ಸಣ್ಣ ಜೋಡಣೆ ವೈರು. ಸಾಕೆಟ್ಟಿನ ವೋಲ್ಟು ನೋಡುವ ಮೀಟರು. ಒಂದು ಟೆಸ್ಟರು. ಎಲ್ಲ ಸೇರಿ ಎರಡನೇ ಪೆಟ್ಟಿಗೆಯ ಬೆಲೆಯ ಕಾಲು ಭಾಗವೂ ಆಗಿಲ್ಲ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರೆ ಆಯಿತು. ಊರು ತಲುಪಿದ ಮೇಲೆ ಮೊದಲು ಹೋಗಿ ಮಾತಾಡಿಸುವುದು ಜನರೇಟರಿನ ಹುಡುಗನನ್ನು, ಆಮೇಲೆ ಮೈಕಿನವರನ್ನು. "ಅಣ್ಣಾರ, ಲೈಟ್ ಹೋದ್ರ ನಿಮ್ಮ ಸೆಟ್ಟಿನ್ಯಾಗ ನಂಗೊಂದು ಜಾಗ ಕೊಡ್ರಿ" ಎಂದು ಮೊದಲೇ ಹೇಳಿಟ್ಟಿರುತ್ತೇನೆ. ಇದುವರೆಗೆ ಯಾರೂ ಇಲ್ಲ ಎಂದಿಲ್ಲ.

ಮುದ್ದೇಬಿಹಾಳದಿಂದ ಬಂದ ಮುಂಜಾನೆಯದೊಂದು ಸಂಗತಿ ಹೇಳುವುದು ಉಳಿದಿದೆ. ಎರಡೂ ಸುಟ್ಟವು ಎಂದು ಅಪ್ಪನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ನಿಂಬೆಯ ಗಿಡಕ್ಕೆ ನೀರು ಬಿಡುತ್ತಿದ್ದ ಅಪ್ಪ ಎಲ್ಲ ಕೇಳಿ, ಬೋರಿನ ಮಾತು ತೆಗೆಯಲಿಲ್ಲ, ಹದಿನಾಲ್ಕು ಸಾವಿರದ ಮಾತೂ ತೆಗೆಯಲಿಲ್ಲ. "ನಿನಗೇನೂ ಆಗಲಿಲ್ಲಲ್ಲ?" ಎಂದ. ಇಲ್ಲ ಎಂದೆ. ಬಾಗೇವಾಡಿಯಲ್ಲಿ ಬಿದ್ದದ್ದನ್ನು ಆಗಲೂ ಹೇಳಲಿಲ್ಲ, ಇನ್ನೂ ಹೇಳಿಲ್ಲ.

ಮೊನ್ನೆ ಕಾರ್ಯಕ್ರಮಕ್ಕೆ ಹೊರಡುವಾಗ ಚೀಲದಲ್ಲಿ ಟೆಸ್ಟರು ಕಾಣಲಿಲ್ಲ. ಹುಡುಕಿಕೊಂಡು ತೋಟಕ್ಕೆ ಹೋದೆ. ಅಪ್ಪ ಸ್ಟಾರ್ಟರಿನ ಡಬ್ಬಿಯ ಮುಂದೆ ಕೂತು, ನನ್ನ ಟೆಸ್ಟರಿನಿಂದ ಒಂದೊಂದೇ ಫೇಸು ಮುಟ್ಟಿ ನೋಡುತ್ತಿದ್ದ. ಮೂರರಲ್ಲೂ ದೀಪ ಹತ್ತಿತು. ಟೆಸ್ಟರನ್ನು ಧೋತರದ ಅಂಚಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟು, "ಹೋಗ್ ಬಾ, ಕಾಲಾಗ ಚಪ್ಪಲಿ ಇರಲಿ" ಎಂದ.